ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ: ಟೀವಿ ಟೈಮ್‌ಔಟ್ ಯಾವಾಗ ಬರುತ್ತದೆ, ಹೇಗೆ ಲೆಕ್ಕ ಹಾಕೋದು

ಮಾರ್ಚ್ ಬಂತೆಂದರೆ ಅಮೆರಿಕದಲ್ಲಿ ಓದುತ್ತಿರುವ ಮಕ್ಕಳ ಫೋನು ಸ್ವಲ್ಪ ಕಡಿಮೆಯಾಗುತ್ತದೆ. ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಟೂರ್ನಿ ನಡೀತಿರುತ್ತದೆ. 68 ತಂಡ, ಒಂದು ಸಲ ಸೋತರೆ ಮನೆಗೆ. ಫೈನಲ್ ಅಲ್ಲಿ ಸೋಮವಾರ ರಾತ್ರಿ, ನಮಗೆ ಮಂಗಳವಾರ ಬೆಳಗ್ಗೆ. ಮಗನ ಅಥವಾ ಮಗಳ ವಿಶ್ವವಿದ್ಯಾಲಯ ಟೂರ್ನಿಯಲ್ಲಿದೆ ಅಂತ ಇಲ್ಲಿ ಕಾಫಿ ಲೋಟ ಹಿಡಿದು ಕೂತು ನೋಡುವ ಅಪ್ಪ ಅಮ್ಮಂದಿರೂ ಈಗ ಸಾಕಷ್ಟು ಜನ ಇದ್ದಾರೆ.

ಮೊದಲ ಸಲ ನೋಡುವವರಿಗೆ ಒಂದು ವಿಷಯ ಮಾತ್ರ ಅರ್ಥವೇ ಆಗೋದಿಲ್ಲ. ಆಟ ಜೋರಾಗಿ ನಡೀತಿರುತ್ತದೆ. ಯಾರೋ ಒಬ್ಬ ಚೆಂಡನ್ನು ಗೆರೆಯಾಚೆ ಬಿಡುತ್ತಾನೆ. ರೆಫರಿ ಸೀಟಿ ಊದುತ್ತಾರೆ. ತಕ್ಷಣ ಎರಡೂ ತಂಡ ಬೆಂಚಿನ ಕಡೆ ನಡೆದುಬಿಡುತ್ತವೆ, ಟೀವಿಯಲ್ಲಿ ಕಾರಿನ ಜಾಹೀರಾತು ಶುರು. ಯಾವ ಕೋಚೂ ಟೈಮ್‌ಔಟ್ ಕೇಳಿರಲಿಲ್ಲ. ಎರಡು ನಿಮಿಷದ ಹಿಂದೆ ಇದೇ ಥರ ಚೆಂಡು ಹೊರಗೆ ಹೋದಾಗ ಆಟ ನಿಂತಿರಲಿಲ್ಲ. ಹಾಗಾದರೆ ಈಗ ಯಾಕೆ?

ಇದಕ್ಕೆ ಗಟ್ಟಿಯಾದ ನಿಯಮ ಇದೆ. ಒಮ್ಮೆ ತಲೆಗೆ ಹೋದರೆ ಬ್ರೇಕ್ ಯಾವಾಗ ಬರುತ್ತದೆ ಅಂತ ನೀವೇ ಮೊದಲು ಹೇಳಬಹುದು. ಕೋಚ್‌ಗಳು ಯಾಕೆ ಹಾಗೆ ಆಡಿಸುತ್ತಾರೆ ಅನ್ನೋದೂ ಅರ್ಧ ಅರ್ಥವಾಗುತ್ತದೆ. ಮೊದಲು ಪುರುಷರ ಪಂದ್ಯದ ಲೆಕ್ಕ ನೋಡೋಣ. ಮಹಿಳೆಯರದ್ದು ಬೇರೆ ಇದೆ, ಆಮೇಲೆ ಬರುತ್ತೇನೆ.

ಮೊದಲು ಗಡಿಯಾರ ನೋಡಿ

ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ನೋಡಿ ಅಭ್ಯಾಸವಿದ್ದರೆ ನಾಲ್ಕು ಕ್ವಾರ್ಟರ್ ಅನ್ನೋದನ್ನು ಪಕ್ಕಕ್ಕಿಡಿ. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಪುರುಷರ ಪಂದ್ಯದಲ್ಲಿ ಇರೋದು ಎರಡೇ ಭಾಗ, ಒಂದೊಂದೂ 20 ನಿಮಿಷ. ಗಡಿಯಾರ 20:00ರಿಂದ ಕೆಳಗೆ ಇಳಿಯುತ್ತದೆ. ಪರದೆಯಲ್ಲಿ 13:40 ಅಂತ ಕಂಡರೆ ಆ ಭಾಗದಲ್ಲಿ ಇನ್ನೂ ಅಷ್ಟು ಆಟ ಬಾಕಿ ಇದೆ ಅಂತ ಅರ್ಥ.

ಸೀಟಿ ಊದಿದರೆ ಗಡಿಯಾರ ನಿಲ್ಲುತ್ತದೆ. ಬುಟ್ಟಿಗೆ ಚೆಂಡು ಬಿದ್ದರೆ ನಿಲ್ಲೋದಿಲ್ಲ. ಎರಡನೇ ಭಾಗದ ಕೊನೆಯ ಒಂದು ನಿಮಿಷದಲ್ಲಿ ಮಾತ್ರ ಬುಟ್ಟಿ ಬಿದ್ದಾಗಲೂ ನಿಲ್ಲುತ್ತದೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಇದೇ ಕೆಲಸಕ್ಕೆ ಬರೋದು.

16, 12, 8, 4

ಈ ನಾಲ್ಕು ಅಂಕಿ ಬಾಯಿಪಾಠ ಮಾಡಿಕೊಳ್ಳಿ. ಗಡಿಯಾರ 16 ನಿಮಿಷಕ್ಕಿಂತ ಕೆಳಗೆ ಇಳಿದ ಮೇಲೆ ಆಟ ಮೊದಲ ಸಲ ಯಾವಾಗ ನಿಲ್ಲುತ್ತದೋ ಆಗ ಟೀವಿ ಟೈಮ್‌ಔಟ್. ಆಮೇಲೆ 12ರ ಕೆಳಗೆ ಮೊದಲ ಸಲ ನಿಂತಾಗ. 8ಕ್ಕೂ ಹಾಗೇ, 4ಕ್ಕೂ ಹಾಗೇ. ಭಾಗಕ್ಕೆ ನಾಲ್ಕು, ಪಂದ್ಯಕ್ಕೆ ಎಂಟು. ಕಾಮೆಂಟೇಟರ್‌ಗಳು ಇವನ್ನು ಅಂಡರ್ 16, ಅಂಡರ್ 12, ಅಂಡರ್ 8, ಅಂಡರ್ 4 ಅಂತಲೇ ಕರೆಯುತ್ತಾರೆ. ನಿಯಮ ಪುಸ್ತಕದಲ್ಲಿ ಇದು ಮೀಡಿಯಾ ಟೈಮ್‌ಔಟ್. ಎರಡೂ ಒಂದೇ.

ಹೊಸಬರು ಎಡವೋದು ಇಲ್ಲೇ. ಗಡಿಯಾರದಲ್ಲಿ 16:00 ಕಂಡ ಕೂಡಲೇ ಬ್ರೇಕ್ ಬರುತ್ತದೆ ಅಂತ ಕಾಯುತ್ತಾರೆ. ಬರೋದಿಲ್ಲ. ಆ ಗುರುತು ದಾಟಿದ ಮೇಲೆ ಸೀಟಿಗಾಗಿ ಕಾಯಬೇಕು. ಸೀಟಿ 15:58ಕ್ಕೂ ಬರಬಹುದು, 13:10ಕ್ಕೂ ಬರಬಹುದು. ಓಡುತ್ತಿರುವ ಆಟವನ್ನು ಟೀವಿಯವರಿಗೋಸ್ಕರ ಯಾರೂ ನಿಲ್ಲಿಸೋದಿಲ್ಲ. ಅದು ತಾನಾಗಿ ನಿಂತಾಗ ಜಾಹೀರಾತು ಹೋಗುತ್ತದೆ, ಅಷ್ಟೇ.

ಯಾವುದಕ್ಕೆಲ್ಲ ಆಟ ನಿಲ್ಲುತ್ತದೆ? ಫೌಲ್. ಚೆಂಡು ಗೆರೆಯಾಚೆ ಹೋಗೋದು. ಚೆಂಡು ಬಡಿಯದೆ ಹೆಜ್ಜೆ ಹಾಕಿದ್ದಕ್ಕೆ ಬರುವ ಟ್ರಾವೆಲಿಂಗ್. ಇಬ್ಬರು ಒಂದೇ ಚೆಂಡನ್ನು ಬಿಗಿಯಾಗಿ ಹಿಡಿದುಕೊಳ್ಳೋದು. ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬುಟ್ಟಿ ಬಿದ್ದರೆ ಇಲ್ಲ. ಚೆಂಡು ಕಿತ್ತುಕೊಂಡು ಓಡಿದರೆ ಇಲ್ಲ. ಆದ್ದರಿಂದಲೇ ಎರಡೂ ತಂಡ ಚೆನ್ನಾಗಿ ಆಡುತ್ತಾ, ಸರಸರ ಬುಟ್ಟಿ ಹಾಕುತ್ತಾ ಹೋದರೆ ಬ್ರೇಕ್ ಬರೋದೇ ತಡವಾಗುತ್ತದೆ. ನೋಡುವವರಿಗೆ ಅದು ಹಬ್ಬ. ಆಡುವ ಹುಡುಗರು ಮಾತ್ರ ಮೊಣಕಾಲ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿರುತ್ತಾರೆ.

ಇನ್ನೊಂದು ಸಣ್ಣ ಸಂಗತಿ. ಶೂಟ್ ಮಾಡುವಾಗ ಫೌಲ್ ಆಗಿ, ಅದೇ ಸೀಟಿಗೆ ಟೀವಿ ಬ್ರೇಕ್ ಸಿಕ್ಕಿತು ಅನ್ನಿ. ಫೌಲ್‌ಗೆ ಪರಿಹಾರವಾಗಿ ಸಿಗುವ ಫ್ರೀ ಥ್ರೋ (ಯಾರೂ ಅಡ್ಡ ಬರದ ಎಸೆತ) ಹಾಕಿಸಿ ಆಮೇಲೆ ಬ್ರೇಕ್‌ಗೆ ಹೋಗೋದಿಲ್ಲ. ಮೊದಲು ಬ್ರೇಕ್, ವಾಪಸ್ ಬಂದ ಮೇಲೆ ಫ್ರೀ ಥ್ರೋ. ಪಾಪ, ಆ ಆಟಗಾರ ಎರಡು ನಿಮಿಷ ಅದನ್ನೇ ಯೋಚಿಸುತ್ತಾ ಕೂತು, ಮೈ ತಣ್ಣಗಾದ ಮೇಲೆ ಎದ್ದು ಬಂದು ಗೆರೆಯ ಮೇಲೆ ನಿಲ್ಲಬೇಕು.

ಒಂದು ಭಾಗವನ್ನು ಕೂತು ಎಣಿಸೋಣ

ಸುಮ್ನೆ ನಿಯಮ ಓದಿದರೆ ಮನಸ್ಸಲ್ಲಿ ನಿಲ್ಲೋದಿಲ್ಲ. ಒಂದು ಕಲ್ಪನೆಯ ಮೊದಲ ಭಾಗ ತೆಗೆದುಕೊಳ್ಳೋಣ.

17:20ಕ್ಕೆ ಫೌಲ್. ಇನ್ನೂ 16 ದಾಟಿಲ್ಲ, ಹಾಗಾಗಿ ಬ್ರೇಕ್ ಇಲ್ಲ. ಬದಿಯಿಂದ ಚೆಂಡು ಎಸೆದು ಆಟ ಮುಂದುವರಿಯುತ್ತದೆ. 16:04ಕ್ಕೆ ಚೆಂಡು ಹೊರಗೆ. ನಾಲ್ಕೇ ಸೆಕೆಂಡಲ್ಲಿ ತಪ್ಪಿತು, ಈಗಲೂ ಇಲ್ಲ. ಆಮೇಲೆ ಎರಡೂ ಕಡೆ ಬುಟ್ಟಿ ಮೇಲೆ ಬುಟ್ಟಿ, ಗಡಿಯಾರ ನಿಲ್ಲುತ್ತಲೇ ಇಲ್ಲ. 14:31ಕ್ಕೆ ಟ್ರಾವೆಲಿಂಗ್. ಇದೇ ಅಂಡರ್ 16.

ಬ್ರೇಕ್ ಮುಗಿದು 13:50ಕ್ಕೆ ಫೌಲ್, 12:40ಕ್ಕೆ ಇನ್ನೊಂದು. ಎರಡಕ್ಕೂ ಬ್ರೇಕ್ ಇಲ್ಲ, ಯಾಕೆಂದರೆ 16ರ ಪಾಲು ಮುಗಿದಿದೆ, 12ರದ್ದು ಇನ್ನೂ ಶುರುವಾಗಿಲ್ಲ. 11:55ಕ್ಕೆ ಚೆಂಡು ಹೊರಗೆ ಹೋಯಿತು. ಅಂಡರ್ 12 ಬಂತು. ಹೀಗೇ 8, ಹೀಗೇ 4.

ಕೆಲವೊಮ್ಮೆ ತಮಾಷೆಯಾಗುತ್ತದೆ. 16 ದಾಟಿದ ಮೇಲೆ ಹೆಚ್ಚುಕಮ್ಮಿ ನಾಲ್ಕು ನಿಮಿಷ ಸೀಟಿಯೇ ಇಲ್ಲ ಅಂದುಕೊಳ್ಳಿ. 12:05ಕ್ಕೆ ಫೌಲ್ ಆಗಿ ಅಂಡರ್ 16 ಸಿಗುತ್ತದೆ. ವಾಪಸ್ ಬಂದು ಹತ್ತು ಸೆಕೆಂಡ್ ಆಡಿದ್ದಾರೆ, 11:55ಕ್ಕೆ ಇನ್ನೊಂದು ಫೌಲ್. ಅಂಡರ್ 12! ಹತ್ತು ಸೆಕೆಂಡ್ ಆಟಕ್ಕೆ ಎರಡು ಬ್ರೇಕ್. ನೋಡುವವರು ಬೈದುಕೊಳ್ಳುತ್ತಾರೆ, ಆದರೆ ನಿಯಮ ಅಂದರೆ ನಿಯಮ.

ಇದು ಯಾರ ಖಾತೆಗೆ?

ಯಾರ ಖಾತೆಗೂ ಇಲ್ಲ. ಟೀವಿ ಟೈಮ್‌ಔಟ್ ಯಾವ ತಂಡದ ಲೆಕ್ಕದಿಂದಲೂ ಕಳೆಯೋದಿಲ್ಲ. ಪರದೆಯ ಮೇಲಿನ ಸ್ಕೋರ್ ಪಟ್ಟಿ ಗಮನಿಸಿ. ತಂಡದ ಹೆಸರಿನ ಕೆಳಗೋ ಪಕ್ಕದಲ್ಲೋ ಸಣ್ಣ ಚುಕ್ಕಿಗಳು ಅಥವಾ ಗೀಟುಗಳು ಇರುತ್ತವೆ. ತಂಡದ ಬಳಿ ಇನ್ನೆಷ್ಟು ಟೈಮ್‌ಔಟ್ ಉಳಿದಿದೆ ಅನ್ನೋ ಲೆಕ್ಕ ಅದು. ಬ್ರೇಕ್ ಮುಗಿಸಿ ಬಂದಾಗ ಚುಕ್ಕಿ ಹಾಗೇ ಇದ್ದರೆ ಅದು ಟೀವಿಯದ್ದು. ಒಂದು ಮಾಯವಾಗಿದ್ದರೆ ಕೋಚ್ ಕೇಳಿದ್ದು. ಕಾಮೆಂಟರಿ ಅರ್ಥವಾಗದಿದ್ದರೂ, ಶಬ್ದ ಕಡಿಮೆ ಮಾಡಿಕೊಂಡು ನೋಡುತ್ತಿದ್ದರೂ ಈ ಉಪಾಯ ಕೈಕೊಡೋದಿಲ್ಲ.

ಐಪಿಎಲ್‌ನ ಸ್ಟ್ರಾಟೆಜಿಕ್ ಟೈಮ್‌ಔಟ್ ನಮಗೆ ಗೊತ್ತೇ ಇದೆ ಅಲ್ವಾ. ಇನ್ನಿಂಗ್ಸ್‌ಗೆ ಎರಡು, ಒಂದೊಂದೂ ಎರಡೂವರೆ ನಿಮಿಷ. ಒಂದನ್ನು ಬೌಲಿಂಗ್ ತಂಡ 6ರಿಂದ 9ನೇ ಓವರ್ ನಡುವೆ, ಇನ್ನೊಂದನ್ನು ಬ್ಯಾಟಿಂಗ್ ತಂಡ 13ರಿಂದ 16ರ ನಡುವೆ ತೆಗೆದುಕೊಳ್ಳಬೇಕು. ಉದ್ದೇಶ ಎರಡೂ ಕಡೆ ಒಂದೇ. ಆದರೆ ಅಲ್ಲಿ ಯಾವ ಓವರ್ ಅಂತ ಆರಿಸುವ ಅವಕಾಶ ನಾಯಕನಿಗೆ ಸ್ವಲ್ಪವಾದರೂ ಇದೆ. ಇಲ್ಲಿ ಕೋಚ್‌ಗೆ ಅದೂ ಇಲ್ಲ. ಸೀಟಿ ಊದಿದಾಗ ಬ್ರೇಕ್.

ಇಷ್ಟೆಲ್ಲ ಯಾಕೆ ಅಂತ ಕೇಳಿದರೆ ಉತ್ತರ ದುಡ್ಡು. 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಎಂಬ ಟೀವಿ ಸಂಸ್ಥೆಗಳು ಸೇರಿ ಈ ಪುರುಷರ ಟೂರ್ನಿಯನ್ನು 14 ವರ್ಷ ತೋರಿಸಲು ಒಪ್ಪಿದ ಮೊತ್ತ 10.8 ಬಿಲಿಯನ್ ಡಾಲರ್. 2016ರಲ್ಲಿ ಅದನ್ನೇ 2032ರವರೆಗೆ ಮುಂದುವರಿಸಿದರು, ಇನ್ನೂ 8.8 ಬಿಲಿಯನ್ ಸೇರಿಸಿ. ಇಷ್ಟು ಸುರಿದವರು ಜಾಹೀರಾತಿಗೆ ಜಾಗ ಕೇಳದೆ ಇರುತ್ತಾರೆಯೇ? ಬ್ರೇಕ್ ಎಷ್ಟು ಉದ್ದ ಅನ್ನೋದನ್ನೂ ಪ್ರಸಾರದ ಒಪ್ಪಂದವೇ ತೀರ್ಮಾನಿಸುತ್ತದೆ. ಸಾಮಾನ್ಯ ಪಂದ್ಯದಲ್ಲಿ ಎರಡು ನಿಮಿಷದ ಮೇಲೆ, ಮಾರ್ಚ್ ಟೂರ್ನಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಕೋಚ್ ಟೈಮ್‌ಔಟ್ ಕೇಳಿದಾಗ

ಈಗ ಸ್ವಲ್ಪ ಗಂಟು. ಟೀವಿ ಬ್ರೇಕ್ ಇರುವ ಪುರುಷರ ಪಂದ್ಯದಲ್ಲಿ ಪ್ರತಿ ತಂಡಕ್ಕೆ ನಾಲ್ಕು ಸ್ವಂತ ಟೈಮ್‌ಔಟ್. ಮೂರು 30 ಸೆಕೆಂಡಿನವು, ಒಂದು 60 ಸೆಕೆಂಡಿನದು. ಮೊದಲ ಭಾಗದಲ್ಲಿ ಒಂದನ್ನೂ ಬಳಸದಿದ್ದರೂ ಎರಡನೇ ಭಾಗಕ್ಕೆ ಒಯ್ಯಬಹುದಾದದ್ದು ಮೂರು ಮಾತ್ರ. ಅದಕ್ಕೇ ಮೊದಲ ಭಾಗದ ಕೊನೆಯಲ್ಲಿ, ಕಾರಣವೇ ಇಲ್ಲದ ಹಾಗೆ ಕೋಚ್ ಒಂದು ಟೈಮ್‌ಔಟ್ ಕೇಳೋದು ಕಾಣುತ್ತದೆ. ಇಟ್ಟುಕೊಂಡರೆ ಹೇಗೂ ವ್ಯರ್ಥ, ಬಳಸಿಬಿಡೋಣ ಅಂತ.

ಮೊದಲು ಒಂದು ಕಿರಿಕಿರಿ ಇತ್ತು. 12:15ಕ್ಕೆ ಕೋಚ್ ಟೈಮ್‌ಔಟ್ ಕೇಳುತ್ತಿದ್ದರು. ಅದು ಮುಗಿದು 11:58ಕ್ಕೆ ಫೌಲ್ ಆದರೆ ಟೀವಿ ಬ್ರೇಕ್. ಹದಿನೇಳು ಸೆಕೆಂಡ್ ಆಟಕ್ಕೆ ಎರಡು ಸಲ ನಿಂತು ಜನಕ್ಕೆ ಬೇಜಾರು. 2015-16ರ ಋತುವಿನಲ್ಲಿ ಎನ್‌ಸಿಎಎ ಇದನ್ನು ಸರಿಮಾಡಿತು. ಗುರುತಿಗೆ 30 ಸೆಕೆಂಡ್ ಒಳಗೆ ತಂಡ ಟೈಮ್‌ಔಟ್ ಕೇಳಿದರೆ ಅದೇ ಟೀವಿ ಟೈಮ್‌ಔಟ್ ಆಗುತ್ತದೆ. ಅಂದರೆ 16:30, 12:30, 8:30, 4:30. ಇವು ದಾಟಿದ ಮೇಲೆ ಕೋಚ್ ಕೈ ಎತ್ತಿದರೆ ಆ ಗುರುತಿನ ಬ್ರೇಕ್ ಅಲ್ಲೇ ಖರ್ಚು.

12:21ಕ್ಕೆ ಟೈಮ್‌ಔಟ್ ಕೇಳಿದರು ಅನ್ನಿ. ಜಾಹೀರಾತು ಹೋಯಿತು, ವಾಪಸ್ ಬಂದರು. 11:50ಕ್ಕೆ ಫೌಲ್ ಆದರೆ ಈಗ ಬ್ರೇಕ್ ಇಲ್ಲ. ಇನ್ನು ಅಂಡರ್ 8 ತನಕ ಕಾಯಿರಿ. ಆದರೆ ಚುಕ್ಕಿ ಮಾತ್ರ ಕೋಚ್ ಖಾತೆಯಿಂದಲೇ ಹೋಗಿರುತ್ತದೆ. ಸ್ವಲ್ಪ ತಾಳಿದ್ದರೆ ಪುಕ್ಕಟೆಯಾಗಿ ಸಿಗುತ್ತಿದ್ದ ವಿರಾಮಕ್ಕೆ ಜೇಬಿನಿಂದ ಕೊಟ್ಟ ಹಾಗಾಯಿತು. 12 ದಾಟಿ ಇನ್ನೂ ಸೀಟಿ ಬರದೇ ಇದ್ದಾಗ ಕೋಚ್ ಟೈಮ್‌ಔಟ್ ಕೇಳಿದರೂ ಹೀಗೇ.

ಎದುರಾಳಿ ಹತ್ತು ಪಾಯಿಂಟ್ ಒಂದೇ ಸಮ ಹೊಡೆಯುತ್ತಿದ್ದಾರೆ, ಗಡಿಯಾರ 12:35. ಕೋಚ್ ಮುಖ ಕೆಂಪಾಗಿದೆ, ತೋಳು ಕಟ್ಟಿಕೊಂಡು ಗೆರೆಯ ಪಕ್ಕ ನಿಂತಿದ್ದಾರೆ, ಟೈಮ್‌ಔಟ್ ಕೇಳುತ್ತಿಲ್ಲ. ಮನೆಯಲ್ಲಿ ಕೂತ ನಾವು "ಕೇಳಯ್ಯಾ ಮಾರಾಯ" ಅನ್ನುತ್ತೇವೆ. ಅವರು ಕಾಯುತ್ತಿರೋದು ಅಂಡರ್ 12ಕ್ಕೆ. ಇನ್ನು ಎರಡು ಪೊಸೆಶನ್ (ಚೆಂಡು ಒಂದು ತಂಡದ ಕೈಯಲ್ಲಿರುವ ಸರದಿ) ಸಹಿಸಿಕೊಂಡರೆ ಎರಡು ನಿಮಿಷ ಪುಕ್ಕಟೆ ಸಿಗುತ್ತದೆ, ಕೈಯಲ್ಲಿರೋದು ಕೊನೆಗೆ ಉಳಿಯುತ್ತದೆ. ಆ ಲೆಕ್ಕ ಕೈಕೊಟ್ಟು ಸೀಟಿಯೇ ಬರದೆ, ಹತ್ತು ಪಾಯಿಂಟ್ ಹದಿನೈದಾಗೋದೂ ಉಂಟು. ನನ್ನ ಪ್ರಕಾರ ಕಾಲೇಜು ಕೋಚ್‌ಗಳ ಅಸಲಿ ಜಾಣತನ ಕಾಣೋದು ಇಂಥ ಗಳಿಗೆಯಲ್ಲಿ. ಹಲಗೆಯ ಮೇಲೆ ಬರೆದು ತೋರಿಸುವ ಪ್ಲೇಗಳಲ್ಲಿ ಅಷ್ಟಾಗಿ ಅಲ್ಲ.

ಎರಡನೇ ಭಾಗದಲ್ಲಿ ಒಂದು ಜಾಸ್ತಿ

ಎರಡನೇ ಭಾಗದಲ್ಲೂ 16, 12, 8, 4 ಇದ್ದೇ ಇರುತ್ತದೆ. ಅದರ ಮೇಲೆ, ಆ ಭಾಗದಲ್ಲಿ ಎರಡು ತಂಡಗಳಲ್ಲಿ ಯಾರೇ ಮೊದಲು ಟೈಮ್‌ಔಟ್ ಕೇಳಿದರೂ ಅದು ಪೂರ್ತಿ ಟೀವಿ ಬ್ರೇಕ್‌ನಷ್ಟು ಉದ್ದವಾಗುತ್ತದೆ. ಕೋಚ್ ಕೇಳಿದ್ದು 30 ಸೆಕೆಂಡಿನದಾದರೂ ಸರಿ. ಖರ್ಚು ಆ ತಂಡದ್ದೇ. ಗುರುತಿಗೆ 30 ಸೆಕೆಂಡ್ ಒಳಗೆ ಕೇಳಿದರೆ ಅನ್ನೋ ನಿಯಮಕ್ಕೆ ಇದೊಂದು ಹೊರತು. ಇದು ನಾಲ್ಕು ಗುರುತುಗಳಲ್ಲಿ ಯಾವುದನ್ನೂ ತಿನ್ನೋದಿಲ್ಲ.

ಬ್ರೇಕ್ ಅನ್ನು ಕೋಚ್‌ಗಳು ಹೇಗೆ ದುಡಿಸಿಕೊಳ್ಳುತ್ತಾರೆ

ಮುಂದಿನ ಪಂದ್ಯದಲ್ಲಿ ಗುರುತು ಹತ್ತಿರ ಬಂದಾಗ ಬೆಂಚಿನ ಕಡೆ ಒಂದು ಕಣ್ಣಿಡಿ. ಗಡಿಯಾರ 8:25. ತಂಡದ ಮುಖ್ಯ ಆಟಗಾರ ಚೆನ್ನಾಗಿಯೇ ಆಡುತ್ತಿದ್ದಾನೆ. ಒಂದು ಸೀಟಿ ಬಿದ್ದ ಕೂಡಲೇ ಕೋಚ್ ಅವನನ್ನು ಹೊರಗೆ ಕರೆದು ಇನ್ನೊಬ್ಬನನ್ನು ಕಳಿಸುತ್ತಾರೆ. ಗೊತ್ತಿಲ್ಲದವರು ಏನೋ ಪೆಟ್ಟಾಗಿದೆ ಅಂದುಕೊಳ್ಳುತ್ತಾರೆ. 7:52ಕ್ಕೆ ಚೆಂಡು ಹೊರಗೆ, ಅಂಡರ್ 8 ಬಂತು. ಬ್ರೇಕ್ ಮುಗಿದಾಗ ಅದೇ ಆಟಗಾರ ಟವೆಲ್ ಬಿಸಾಕಿ ಒಳಗೆ ಬರುತ್ತಾನೆ. ಅವನು ಆಟದ ಗಡಿಯಾರದಲ್ಲಿ ತಪ್ಪಿಸಿಕೊಂಡದ್ದು 33 ಸೆಕೆಂಡ್. ನಿಜವಾಗಿ ಕೂತು ಉಸಿರು ಎಳೆದುಕೊಂಡದ್ದು ಮೂರು ನಿಮಿಷದ ಹತ್ತಿರ. ಏಳೆಂಟು ಜನರನ್ನಷ್ಟೇ ನಂಬಿ ಆಡುವ ತಂಡಕ್ಕೆ ಈ ಕದ್ದ ವಿಶ್ರಾಂತಿಯೇ ಆಧಾರ.

ಇದರಿಂದ ನಷ್ಟವಾಗೋರೂ ಇದ್ದಾರೆ. ಇಡೀ ಅಂಗಳದಲ್ಲಿ ಒತ್ತಡ ಹಾಕಿ, ಓಡಿಸಿ ಓಡಿಸಿ ಎದುರಾಳಿಯನ್ನು ಸುಸ್ತು ಮಾಡುವ ತಂಡಗಳು ಇರುತ್ತವಲ್ಲ, ಅವರ ಆಟಕ್ಕೆ ಪ್ರತಿ ನಾಲ್ಕು ನಿಮಿಷಕ್ಕೆ ಬರುವ ಈ ದೀರ್ಘ ವಿರಾಮ ತಣ್ಣೀರು. ಎದುರಾಳಿ ಇನ್ನೇನು ಬಿದ್ದ ಅನ್ನುವಷ್ಟರಲ್ಲಿ ಸೀಟಿ. ಎಲ್ಲರೂ ನೀರು ಕುಡಿದು ಹೊಸದಾಗಿ ನಿಲ್ಲುತ್ತಾರೆ.

ಬಹಳಷ್ಟು ಕೋಚ್‌ಗಳು ಇಡೀ ಪಂದ್ಯವನ್ನು ನಾಲ್ಕು ನಿಮಿಷದ ತುಂಡುಗಳಾಗಿಯೇ ನೋಡುತ್ತಾರೆ. 40 ನಿಮಿಷಕ್ಕೆ ಹತ್ತು ತುಂಡು. ಸಹಾಯಕ ಕೋಚ್ ಒಬ್ಬರು ಪ್ರತಿ ತುಂಡಿನ ಸ್ಕೋರ್ ಬರೆದಿಡುತ್ತಾರೆ, ಯಾವುದನ್ನು ಗೆದ್ದೆವು, ಯಾವುದನ್ನು ಸೋತೆವು ಅಂತ. ಇದನ್ನು ನೀವೂ ಮಾಡಿ ನೋಡಿ. ಪ್ರತಿ ಟೀವಿ ಬ್ರೇಕ್‌ಗೆ ಸ್ಕೋರ್ ಗೀಚಿಕೊಳ್ಳಿ. ಕೊನೆಯಲ್ಲಿ ಪಂದ್ಯ ಎಲ್ಲಿ ತಿರುಗಿತು ಅಂತ ಹುಡುಕಲು ಹೈಲೈಟ್ಸ್ ಬೇಕಾಗೋದಿಲ್ಲ.

ಕ್ರೀಡಾಂಗಣದಲ್ಲೇ ಕೂತಿದ್ದರೆ

ಮಕ್ಕಳ ಕಾಲೇಜಿಗೆ ಹೋದಾಗ ಪಂದ್ಯಕ್ಕೂ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಟೀವಿಯಲ್ಲಿ ಜಾಹೀರಾತು ಹೋಗುವ ಆ ಎರಡು ನಿಮಿಷ ಒಳಗೆ ಬೇರೆಯೇ ಲೋಕ. ವಿದ್ಯಾರ್ಥಿಗಳ ಬ್ಯಾಂಡ್ ಕಿವಿ ಕಿತ್ತುಹೋಗುವ ಹಾಗೆ ಬಾರಿಸುತ್ತದೆ. ಚಿಯರ್‌ಲೀಡರ್‌ಗಳು ಅಂಗಳಕ್ಕೆ ಬರುತ್ತಾರೆ. ಟೀ ಶರ್ಟ್ ಎಸೆಯುತ್ತಾರೆ, ಯಾರನ್ನೋ ಕರೆದು ಅರ್ಧ ಅಂಗಳದಿಂದ ಬುಟ್ಟಿಗೆ ಎಸೆಯಲು ಹೇಳುತ್ತಾರೆ.

ಇದರ ನಡುವೆ ಬೆಂಚಿನ ಹತ್ತಿರ ನೋಡಿ. ಆಟಗಾರರು ಬಂದು ಕೂರುತ್ತಾರೆ, ಆದರೆ ಕೋಚ್ ತಕ್ಷಣ ಅವರ ಹತ್ತಿರ ಹೋಗೋದಿಲ್ಲ. ನಾಲ್ಕು ಹೆಜ್ಜೆ ಆಚೆ ಸಹಾಯಕರ ಜೊತೆ ಗುಂಪಾಗಿ ನಿಂತು ಗುಸುಗುಸು. ಏನು ಹೇಳಬೇಕು ಅಂತ ಮೊದಲು ಅಲ್ಲಿ ತೀರ್ಮಾನ. ಆಮೇಲೆ ಬಂದು ಆಟಗಾರರ ಎದುರು ಸಣ್ಣ ಸ್ಟೂಲ್ ಮೇಲೆ ಕೂತು ಹಲಗೆ ತೆಗೆಯುತ್ತಾರೆ. 30 ಸೆಕೆಂಡಿನ ಟೈಮ್‌ಔಟ್‌ನಲ್ಲಿ ಇದಕ್ಕೆಲ್ಲ ಪುರುಸೊತ್ತಿಲ್ಲ. ನಿಂತ ಹಾಗೇ ಎರಡು ಮಾತು ಕೂಗಿ ಮುಗಿಸಬೇಕು.

ಸ್ಕೋರರ್ ಟೇಬಲ್ ಹತ್ತಿರ ಹೆಡ್‌ಸೆಟ್ ಹಾಕಿಕೊಂಡ ಒಬ್ಬರು ಇರುತ್ತಾರೆ. ಹೊರಗೆ ನಿಂತಿರುವ ಪ್ರಸಾರದ ವ್ಯಾನಿಗೂ ರೆಫರಿಗೂ ನಡುವಿನ ಸೇತುವೆ ಅವರೇ. ಟೀವಿ ಕಡೆಯಿಂದ ಸರಿ ಅಂದ ಮೇಲೇ ಆಟ ಮತ್ತೆ ಶುರು. ಬ್ರೇಕ್ ಮುಗಿಯುವ ಮೊದಲು ಎಚ್ಚರಿಕೆಯ ಹಾರ್ನ್ ಒಂದು, ಮುಗಿದಾಗ ಇನ್ನೊಂದು. ಕ್ಯಾಂಟೀನ್ ಸಾಲಿನಲ್ಲಿ ನಿಂತಿದ್ದರೆ ಮೊದಲ ಹಾರ್ನ್‌ಗೇ ಓಡಿ ಬನ್ನಿ.

ಮಹಿಳೆಯರ ಪಂದ್ಯದ ಲೆಕ್ಕ

2015-16ರಿಂದ ಎನ್‌ಸಿಎಎ ಮಹಿಳೆಯರ ಪಂದ್ಯ ನಾಲ್ಕು ಕ್ವಾರ್ಟರ್‌ಗೆ ಬದಲಾಗಿದೆ, ಒಂದೊಂದೂ 10 ನಿಮಿಷ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಪರ ಆಡಿದ್ದು ಈ ಮಾದರಿಯಲ್ಲೇ.

ಇಲ್ಲಿ 16, 12 ಎಲ್ಲ ಇಲ್ಲ. ಪ್ರತಿ ಕ್ವಾರ್ಟರ್‌ನಲ್ಲಿ 5 ನಿಮಿಷದ ಗುರುತು ದಾಟಿದ ಮೇಲೆ ಮೊದಲ ಸೀಟಿಗೆ ಬ್ರೇಕ್. ಅದಕ್ಕೂ ಮೊದಲೇ ತಂಡವೊಂದು ಟೈಮ್‌ಔಟ್ ಕೇಳಿದರೆ ಅದೇ ಆ ಕ್ವಾರ್ಟರ್‌ನ ಟೀವಿ ಬ್ರೇಕ್ ಆಗುತ್ತದೆ. ಜೊತೆಗೆ ಮೊದಲ ಮತ್ತು ಮೂರನೇ ಕ್ವಾರ್ಟರ್ ಮುಗಿದಾಗ ಒಂದೊಂದು. ನೋಡಲು ಇದೇ ಹಿತ ಅನ್ನಿಸುತ್ತದೆ ನನಗೆ, ಬ್ರೇಕ್‌ಗಳು ಒಂದರ ಮೇಲೊಂದು ಬೀಳೋದು ಕಡಿಮೆ.

ಇಲ್ಲಿ ಆಡಿ ಬೆಳೆದವರಿಗೆ ಎರಡೂ ಹೊಸದು. ನಮ್ಮಲ್ಲಿ ನಡೆಯೋದು ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮ. 2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ ಕೂಡ ಅದರ ಪ್ರಕಾರವೇ. ಫೀಬಾದಲ್ಲಿ ಮೊದಲ ಅರ್ಧಕ್ಕೆ ಎರಡು, ಎರಡನೇ ಅರ್ಧಕ್ಕೆ ಮೂರು ಟೈಮ್‌ಔಟ್, ಒಂದೊಂದೂ ಒಂದು ನಿಮಿಷ. ಎನ್‌ಬಿಎಯಲ್ಲಿ ಪ್ರತಿ ಕ್ವಾರ್ಟರ್‌ಗೆ ಎರಡು ಕಡ್ಡಾಯ ಬ್ರೇಕ್ ಇದೆ, 7 ನಿಮಿಷ ಮತ್ತು 3 ನಿಮಿಷದ ಗುರುತು ದಾಟಿದ ಮೇಲೆ. ಆದರೆ ಅವನ್ನು ತಂಡಗಳ ಏಳು ಟೈಮ್‌ಔಟ್‌ಗಳಿಂದಲೇ ಕಳೆಯುತ್ತಾರೆ. ಹೀಗಾಗಿ ಎನ್‌ಬಿಎ ಕೋಚ್‌ಗೆ ಪುಕ್ಕಟೆ ವಿರಾಮ ಅನ್ನೋದು ಇಲ್ಲ, ಕಾಲೇಜಿನ ಆ ಕಾಯುವ ಆಟವೂ ಇಲ್ಲ.

ಅಂಡರ್ 4 ಆದ ಮೇಲೆ

ಎರಡನೇ ಭಾಗದ ಅಂಡರ್ 4 ಮುಗಿಯಿತು ಅಂದರೆ ನಿಗದಿತ ಟೀವಿ ಬ್ರೇಕ್‌ಗಳು ಮುಗಿದವು. ಇನ್ನು ಏನಿದ್ದರೂ ತಂಡಗಳ ಕೈಯಲ್ಲಿರುವ ಚುಕ್ಕಿಗಳು. ಇಷ್ಟು ಹೊತ್ತು ಕೂಡಿಟ್ಟವರು ಈಗ ಧಾರಾಳವಾಗಿ ಖರ್ಚು ಮಾಡುತ್ತಾರೆ. ಹಿಂದಿರುವ ತಂಡ ಬೇಕೆಂದೇ ಫೌಲ್ ಮಾಡುತ್ತದೆ, ರೆಫರಿಗಳು ಮಾನಿಟರ್ ನೋಡಲು ಹೋಗುತ್ತಾರೆ. ಕೊನೆಯ ಎರಡು ನಿಮಿಷ ಹದಿನೈದಾಗೋದು ಹೊಸದೇನಲ್ಲ. ಹೆಚ್ಚುವರಿ ಅವಧಿ ಬಂದರೆ ಇನ್ನೂ 5 ನಿಮಿಷದ ಆಟ, ಉಳಿದ ಟೈಮ್‌ಔಟ್ ಜೊತೆಗೆ ತಂಡಕ್ಕೊಂದು ಹೊಸದು.

ಚುಕ್ಕಿ ಖಾಲಿಯಾದವರ ಕಥೆಯನ್ನು ಅಮೆರಿಕದಲ್ಲಿ ಈಗಲೂ ಹೇಳುತ್ತಾರೆ. 1993ರ ಏಪ್ರಿಲ್ 5, ನ್ಯೂ ಆರ್ಲಿಯನ್ಸ್‌ನಲ್ಲಿ ಫೈನಲ್. ಮಿಷಿಗನ್ 71, ನಾರ್ತ್ ಕ್ಯಾರೊಲೈನಾ 73. ಮಿಷಿಗನ್‌ನ ಕ್ರಿಸ್ ವೆಬರ್ ಚೆಂಡು ಹಿಡಿದು ಓಡಿ ಬಂದು, ತನ್ನದೇ ಬೆಂಚಿನ ಮುಂದಿನ ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಬಿದ್ದ. ಬಾಕಿ 11 ಸೆಕೆಂಡ್. ಎರಡೂ ಕೈ ಸೇರಿಸಿ ಟೈಮ್‌ಔಟ್ ಸನ್ನೆ ಮಾಡಿಬಿಟ್ಟ. ತಂಡದ ಬಳಿ ಒಂದೂ ಉಳಿದಿರಲಿಲ್ಲ. ಟೆಕ್ನಿಕಲ್ ಫೌಲ್. ನಾರ್ತ್ ಕ್ಯಾರೊಲೈನಾಗೆ ಎರಡು ಫ್ರೀ ಥ್ರೋ, ಮೇಲಿಂದ ಚೆಂಡೂ ಅವರಿಗೇ. 77-71ಕ್ಕೆ ಪಂದ್ಯ ಮುಗಿಯಿತು. ಕೋಚ್‌ಗಳು ಅಂಡರ್ 12ಕ್ಕಾಗಿ ಹಲ್ಲು ಕಚ್ಚಿ ಕಾಯೋದು ಯಾಕೆ ಅಂತ ಕೇಳುವವರಿಗೆ ನಾನು ಈ ಪಂದ್ಯದ ಕೊನೆಯ ನಿಮಿಷ ನೋಡಿ ಅನ್ನುತ್ತೇನೆ.

ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆ?

ಆಫೀಸಿಗೆ ಹೊರಡಬೇಕಾದವರಿಗೆ ಇದೇ ಮುಖ್ಯ ಪ್ರಶ್ನೆ. ಆಟ 40 ನಿಮಿಷ. ಎಂಟು ಟೀವಿ ಬ್ರೇಕ್, ಎರಡನೇ ಭಾಗದ ಜಾಸ್ತಿ ಒಂದು, ಒಟ್ಟು ಒಂಬತ್ತು. ಒಂದಕ್ಕೆ ಎರಡೂಕಾಲು ನಿಮಿಷ ಹಿಡಿದರೂ ಇಪ್ಪತ್ತು ನಿಮಿಷ ಇಲ್ಲೇ ಹೋಯಿತು. ಅರ್ಧಾವಧಿ ವಿರಾಮ ಸಾಮಾನ್ಯವಾಗಿ 15 ನಿಮಿಷ, ಮಾರ್ಚ್ ಟೂರ್ನಿಯಲ್ಲಿ ಇನ್ನೂ ಹೆಚ್ಚು. ಇದರ ಮೇಲೆ ಫೌಲ್, ಫ್ರೀ ಥ್ರೋ, ಚೆಂಡು ಹೊರಗೆ ಹೋದಾಗ ನಿಂತ ಗಡಿಯಾರ. ಟೀವಿಯವರು ಪಂದ್ಯಕ್ಕೆ ಎರಡು ಗಂಟೆಯ ಜಾಗ ಇಡುತ್ತಾರೆ. ಅದನ್ನು ಮೀರಿ ಮುಂದಿನ ಪಂದ್ಯದ ಶುರುವಾತನ್ನು ನುಂಗೋದು ಮಾಮೂಲಿ.

ನನ್ನ ಅಂದಾಜು ಹೀಗೆ: ಎರಡನೇ ಭಾಗದ ಅಂಡರ್ 8 ಬಂದಾಗ ಇನ್ನು ಅರ್ಧ ಗಂಟೆ ಇದೆ ಅಂದುಕೊಳ್ಳಿ. ಸ್ನಾನಕ್ಕೆ ಹೋಗೋದಿದ್ದರೆ ಅರ್ಧಾವಧಿಯಲ್ಲಿ ಹೋಗಿ. ದೋಸೆ ಹುಯ್ಯೋದಿದ್ದರೆ ಟೀವಿ ಬ್ರೇಕ್‌ನಲ್ಲಿ, ಒಂದಕ್ಕೆ ಒಂದು ದೋಸೆ ಆರಾಮಾಗಿ ಆಗುತ್ತದೆ. ಕೋಚ್ ಕೇಳಿದ 30 ಸೆಕೆಂಡಿನದನ್ನು ನಂಬಿ ಅಡುಗೆಮನೆಗೆ ಹೋಗಬೇಡಿ. ಅಂಡರ್ 4 ಆದ ಮೇಲಂತೂ ಅಂತರ ಹತ್ತು ಪಾಯಿಂಟ್ ಒಳಗಿದ್ದರೆ ಆಫೀಸಿಗೆ ಸ್ವಲ್ಪ ತಡ ಅಂತ ಮೊದಲೇ ಒಂದು ಮೆಸೇಜ್ ಹಾಕಿಬಿಡಿ.